ಮೆಟ್ಟಿಲಿಳಿಸುವಾಗ ಸೊಂಟ ಉಳಿಸಿಕೊಳ್ಳುವುದು ಹೇಗೆ?

ಪ್ರಶ್ನೆ: ನಾನು ಆಂಬುಲೆನ್ಸ್‌ನಲ್ಲಿ ಇಎಂಟಿ, ಅಂದರೆ ರೋಗಿಗೆ ತುರ್ತು ಚಿಕಿತ್ಸೆ ಕೊಡುವ ಸಿಬ್ಬಂದಿ. ಕೆಲಸಕ್ಕೆ ಸೇರಿ ಆರು ವರ್ಷ. ಗಾಡಿಯಲ್ಲಿ ಪೈಲಟ್ (ಚಾಲಕ) ಮತ್ತು ನಾನು, ಇಬ್ಬರೇ. ಕಿರಿದಾದ ಮೆಟ್ಟಿಲಿನ ಮನೆಗಳಿಂದ ರೋಗಿಗಳನ್ನು ಬೆಡ್‌ಶೀಟ್‌ನಲ್ಲೇ ಹೊತ್ತು ಇಳಿಸುತ್ತೇವೆ. ಈಗೀಗ ಸೊಂಟ ಹಿಡಿದುಕೊಳ್ಳುತ್ತಿದೆ. ಮೆಡಿಕಲ್ ಶಾಪಿನ ಸೊಂಟದ ಬೆಲ್ಟ್ ಕಟ್ಟಿಕೊಂಡರೆ ಸಾಕಾ? ಬೇರೆ ಸಾಧನಗಳಿವೆಯಾ?
– ಓದುಗರೊಬ್ಬರು, ಹಾಸನ ಜಿಲ್ಲೆ

ಉತ್ತರ: ಬೆಲ್ಟ್ ವಿಷಯ ಮೊದಲು ಮುಗಿಸಿಬಿಡೋಣ. ಕೆಲಸಗಾರರ ಆರೋಗ್ಯ ನೋಡಿಕೊಳ್ಳುವ ಅಮೆರಿಕದ ಸಂಸ್ಥೆ ನಿಯೋಶ್ 1994ರಲ್ಲೇ ಇದನ್ನು ಪರಿಶೀಲಿಸಿತು. ಬೆಲ್ಟ್ ಕಟ್ಟಿದರೆ ಬೆನ್ನಿಗೆ ಪೆಟ್ಟಾಗದು ಎನ್ನಲು ಸಾಕಷ್ಟು ಆಧಾರ ಸಿಗಲಿಲ್ಲ. ಬೆಲ್ಟ್ ಇದೆ ಅನ್ನೋ ಧೈರ್ಯದಲ್ಲಿ ಇನ್ನೂ ಜಾಸ್ತಿ ಎತ್ತುವ ಅಪಾಯವೂ ಉಂಟು.

ಈಗ ಲೆಕ್ಕ ನೋಡಿ. ಭಾರ ಮೈಗೆ ಹತ್ತಿರವಿದ್ದು, ಹಿಡಿತ ಚೆನ್ನಾಗಿದ್ದರೂ ನಿಯೋಶ್ ಪ್ರಕಾರ ಒಬ್ಬರ ಮಿತಿ 23 ಕೆಜಿ. ರೋಗಿ ಅಕ್ಕಿ ಮೂಟೆಯಲ್ಲ. ನರಳುತ್ತಾರೆ, ವಾಲುತ್ತಾರೆ, ಗಾಬರಿಯಲ್ಲಿ ನಿಮ್ಮ ಕುತ್ತಿಗೆಯನ್ನೇ ಹಿಡಿಯುತ್ತಾರೆ. ಹಾಗಾಗಿ ರೋಗಿಗಳನ್ನು ಎತ್ತುವವರಿಗೆ ಸುಮಾರು 16 ಕೆಜಿ ಎಂಬ ಮಿತಿಯನ್ನು ಅಲ್ಲಿನ ಸಂಶೋಧಕರು 2007ರಲ್ಲಿ ಸೂಚಿಸಿದರು. 80 ಕೆಜಿ ಮನುಷ್ಯನನ್ನು ನೀವಿಬ್ಬರು ಹೊತ್ತರೆ ತಲಾ 40. ಮೆಟ್ಟಿಲಲ್ಲಿ ಕೆಳಗಿರುವವರಿಗೆ ಇನ್ನೂ ಜಾಸ್ತಿ. ಇಷ್ಟು ಭಾರಕ್ಕೆ ಮಂಡಿ ಬಗ್ಗಿಸಿ ಎತ್ತಿ ಅನ್ನೋ ಉಪದೇಶ ಸಾಲದು. ಎತ್ತುವುದನ್ನೇ ಕಡಿಮೆ ಮಾಡಬೇಕು.

ನಿಮ್ಮ ಕೆಲಸಕ್ಕೆ ಹೆಚ್ಚು ಹೊಂದುವುದು ಪಟ್ಟಿ ಇರುವ ಸ್ಟೇರ್ ಚೇರ್. ಮಡಚುವ ಕುರ್ಚಿ, ಹಿಂಬದಿಯಲ್ಲಿ ಟ್ರಾಕ್ಟರ್ ಚೈನಿನಂತೆ ಸುತ್ತುವ ರಬ್ಬರ್ ಪಟ್ಟಿಗಳು. ಅವು ಮೆಟ್ಟಿಲಂಚಿನ ಮೇಲೆ ಕೂತು, ರೋಗಿಯ ಭಾರಕ್ಕೇ ನಿಧಾನವಾಗಿ ಕೆಳಗಿಳಿಯುತ್ತವೆ. ನೀವು ಹೊರುವುದಿಲ್ಲ, ಹಿಡಿತ ಮಾತ್ರ ಕೊಡುತ್ತೀರಿ. ಚಕ್ರ ಮಾತ್ರ ಇರುವ ಅಗ್ಗದ ಕುರ್ಚಿ ತಂದರೆ ಮೆಟ್ಟಿಲಲ್ಲಿ ಮತ್ತೆ ಹೊರುವುದೇ ಪಾಡು! ಒಂದು ಎಚ್ಚರಿಕೆ: ಬೆನ್ನುಮೂಳೆಗೆ ಪೆಟ್ಟಾಗಿರುವ ಅನುಮಾನವಿದ್ದರೆ, ಪ್ರಜ್ಞೆ ಇಲ್ಲದಿದ್ದರೆ, ಸಿಪಿಆರ್ (ನಿಂತ ಹೃದಯಕ್ಕಾಗಿ ಎದೆ ಒತ್ತುವುದು) ನಡೆಯುತ್ತಿದ್ದರೆ ಕೂರಿಸುವಂತಿಲ್ಲ.

ನೆಲದ ಮೇಲೆ ಬಿದ್ದವರಿಗೆ ಸ್ಕೂಪ್ ಸ್ಟ್ರೆಚರ್. ಉದ್ದುದ್ದಕ್ಕೆ ಎರಡು ಹೋಳಾಗುತ್ತದೆ. ಎರಡೂ ಬದಿಯಿಂದ ರೋಗಿಯ ಕೆಳಗೆ ತೂರಿಸಿ ಲಾಕ್ ಮಾಡಿದರಾಯಿತು. ಮಂಚದಿಂದ ಸ್ಟ್ರೆಚರ್‌ಗೆ ಸರಿಸಲು ಸ್ಲೈಡ್ ಶೀಟ್ ಇದೆ, ಕೊಡೆ ಬಟ್ಟೆಯಂತೆ ನುಣುಪು. ಹತ್ತಿಯ ಬೆಡ್‌ಶೀಟ್ ಹಾಸಿಗೆಗೆ ಕಚ್ಚಿಕೊಳ್ಳುತ್ತದೆ, ಇದು ಜಾರುತ್ತದೆ. ಆದರೆ ಸರಿಸಲಷ್ಟೇ, ಇದರಲ್ಲಿ ಎತ್ತಬೇಡಿ.

ನಿಂತು ನಾಲ್ಕು ಹೆಜ್ಜೆ ಇಡಬಲ್ಲವರಿಗೆ ಹಿಡಿಕೆ ಇರುವ ಟ್ರಾನ್ಸ್‌ಫರ್ ಬೆಲ್ಟ್ ಸಾಕು. ನೋಡಿ, ಬೆಲ್ಟ್ ಕಟ್ಟಲೇಬೇಕೆಂದರೆ ರೋಗಿಯ ಸೊಂಟಕ್ಕೆ ಕಟ್ಟಿ! ಗರ್ಭಿಣಿಯರಿಗೆ, ಈಚೆಗೆ ಹೊಟ್ಟೆಯ ಆಪರೇಷನ್ ಆದವರಿಗೆ ಮಾತ್ರ ಬೇಡ.

ಇವನ್ನು ನಿಮ್ಮ ಜೇಬಿನಿಂದ ಕೊಳ್ಳಬೇಕಿಲ್ಲ. ಒಂದು ತಿಂಗಳು ಪ್ರತಿ ಕೇಸಿನಲ್ಲೂ ಎಷ್ಟು ಮೆಟ್ಟಿಲು, ರೋಗಿಯ ತೂಕ ಎಷ್ಟಿರಬಹುದು ಎಂದು ಬರೆದಿಡಿ. ಆ ಲೆಕ್ಕದೊಂದಿಗೆ ಮೇಲಿನವರಿಗೆ ಸ್ಟೇರ್ ಚೇರ್ ಕೇಳಿ. ಸುಮ್ನೆ ಸೊಂಟ ನೋವು ಅಂದರೆ ಮಾತ್ರೆ ನುಂಗಿ ಅಂತಾರೆ, ಅಲ್ವಾ? ಅಲ್ಲಿಯವರೆಗೆ ಭಾರದ ಕೇಸಿದ್ದರೆ ನೆರೆಹೊರೆಯವರನ್ನು ಕರೆಯಿರಿ. ಎತ್ತುವುದು 'ಮೂರು' ಎಂದಾಗಲೋ, ಅಂದಮೇಲೋ ಎಂಬುದನ್ನು ಮೊದಲೇ ಹೇಳಿಬಿಡಿ.

ನೋವು ಕಾಲಿಗೆ ಇಳಿದು ಜೋಮು ಹಿಡಿದರೆ ತಡಮಾಡದೆ ಮೂಳೆ ವೈದ್ಯರನ್ನು ಕಾಣಿ. ಮೂತ್ರ ಕಟ್ಟಿದರೆ ಅಥವಾ ತಡೆಯಲಾಗದಿದ್ದರೆ ಅದು ತುರ್ತು, ಅವತ್ತೇ ಆಸ್ಪತ್ರೆಗೆ ಹೋಗಿ.