ಮೆಕ್ಕೆಜೋಳ ಬಿತ್ತುವಾಗ ಬೀಜದ ಜೊತೆಗೇ ಯೂರಿಯಾ ಹಾಕಬಹುದೇ?

ಜಗಳೂರು ಕಡೆಯ ಕೆಂಪು ಹೊಲ, ಮಳೆಯೇ ಗತಿ, ಕೂರಿಗೆಯಲ್ಲಿ ಬೀಜದ ಜೊತೆಗೇ ಯೂರಿಯಾ ಬಿಟ್ಟರೆ ಪೈರು ಬೇಗ ಏಳುತ್ತದಾ ಎಂದು ಕೇಳಿದ್ದೀರಿ. ದಯವಿಟ್ಟು ಹಾಗೆ ಮಾಡಬೇಡಿ. ನಾನೂ ದಾವಣಗೆರೆ ಜಿಲ್ಲೆಯಲ್ಲೇ ಮೆಕ್ಕೆಜೋಳ ಬೆಳೆಯುವವನು. ಹೀಗೆ ಬಿತ್ತಿದ ಹೊಲಗಳಲ್ಲಿ ಸಾಲಿಗೆ ಸಾಲೇ ಹುಟ್ಟದೆ ಹೋದದ್ದನ್ನು ಕಂಡು ಹೇಳುತ್ತಿದ್ದೇನೆ.

ಹಸಿ ಮಣ್ಣಿಗೆ ಬಿದ್ದ ಯೂರಿಯಾ ಕರಗಿ ಅಮೋನಿಯಾ ಆಗತೊಡಗುತ್ತದೆ. ಕಾಳಿನ ಸುತ್ತಲಿನ ಮಣ್ಣು ಕ್ಷಾರಕ್ಕೆ ತಿರುಗಿ ಎಳೆ ಬೇರು ಸುಡುತ್ತದೆ. ನಮ್ಮ ಮರಳು ಮಿಶ್ರಿತ ಕೆಂಪು ಮಣ್ಣಿಗೆ ಅಮೋನಿಯಾವನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಕಡಿಮೆ, ಹಾಗಾಗಿ ಎರೆ ಹೊಲಕ್ಕಿಂತ ಇಲ್ಲಿ ಪೆಟ್ಟು ಜೋರು. ಬಿತ್ತಿದ ಮೇಲೆ ಮಳೆ ಕೈಕೊಟ್ಟರಂತೂ ಗೊಬ್ಬರದ ಉಪ್ಪು ಕಾಳಿಗೆ ತೇವವನ್ನೇ ದಕ್ಕಗೊಡುವುದಿಲ್ಲ. ಬೀಜವೇ ಕೆಟ್ಟದ್ದು ಎಂದು ಅಂಗಡಿಗೆ ಜಗಳಕ್ಕೆ ಹೋಗುವ ಮೊದಲು ಸಾಲು ಕೆದಕಿ ನೋಡಿ. ಮೊಳಕೆ ಬಂದು ಬೇರಿನ ತುದಿ ಕಂದಿ ನಿಂತಿದ್ದರೆ ಮೊದಲು ಗೊಬ್ಬರವನ್ನೇ ಅನುಮಾನಿಸಿ.

ಇಷ್ಟಕ್ಕೂ ಅಷ್ಟು ಬೇಗ ಯೂರಿಯಾ ಕೊಡುವ ಅಗತ್ಯವೇ ಇಲ್ಲ. ಸುಮಾರು ಮೂರು ಎಲೆ ಬಿಡುವವರೆಗೆ ಸಸಿ ಕಾಳಿನೊಳಗಿನ ಆಹಾರದ ಮೇಲೇ ಬದುಕುತ್ತದೆ. ಯೂರಿಯಾದಿಂದ ಸಿಗುವ ಸಾರಜನಕದ ನಿಜವಾದ ಹಸಿವು ಮೊಣಕಾಲೆತ್ತರದಿಂದ ಸೂಲಂಗಿ (ತುದಿಯ ಗಂಡು ಹೂ) ಬರುವವರೆಗೆ.

ಮಳೆಯಾಶ್ರಿತ ಬೆಳೆಗೆ ಎಕರೆಗೆ 40 ಕೆ.ಜಿ. ಸಾರಜನಕ ಶಿಫಾರಸು. ಬಿತ್ತುವಾಗ 50 ಕೆ.ಜಿ.ಯ ಒಂದು ಚೀಲ ಡಿಎಪಿ (ಸಾರಜನಕ, ರಂಜಕ ಎರಡೂ ಇರುವ ಗೊಬ್ಬರ) ಕೊಟ್ಟರೆ ಅದರಲ್ಲೇ 9 ಕೆ.ಜಿ. ಸಾರಜನಕ ಸಿಗುತ್ತದೆ, ಬೇಕಾದ ರಂಜಕವೂ ಕೊಟ್ಟಂತಾಯಿತು. ಆದರೆ ಡಿಎಪಿಯೂ ಅಮೋನಿಯಾ ಬಿಡುತ್ತದೆ, ಅದೂ ಕಾಳಿಗೆ ತಗಲಬಾರದು. ಕಾಳಿನಿಂದ 5 ಸೆಂ.ಮೀ. ಪಕ್ಕಕ್ಕೆ, 5 ಸೆಂ.ಮೀ. ಕೆಳಕ್ಕೆ ಬೀಳಬೇಕು. ಬೇರು ಅಲ್ಲಿಗೆ ತಾನಾಗಿ ಇಳಿಯುತ್ತದೆ. ಪೊಟ್ಯಾಷ್ ಹಾಕುವುದಾದರೂ ಇದೇ ದೂರ.

ಉಳಿದ 31 ಕೆ.ಜಿ.ಗೆ 45 ಕೆ.ಜಿ. ಚೀಲದ ಯೂರಿಯಾ ಒಂದೂವರೆ ಚೀಲ ಬೇಕು. ಎರಡು ಪಾಲು ಮಾಡಿ, ಒಂದನ್ನು ಮೊಣಕಾಲೆತ್ತರಕ್ಕೆ, ಇನ್ನೊಂದನ್ನು ಸೂಲಂಗಿಗೆ ಮುಂಚೆ ಕೊಡಿ. ಮಳೆ ಬಂದು ಹೊಲ ಹದವಾದಾಗ ಸಾಲಿನ ಪಕ್ಕ ಬಿಟ್ಟು, ಮೊದಲ ಪಾಲಿನ ಬೆನ್ನಿಗೇ ಎಡೆಕುಂಟೆ (ಸಾಲುಗಳ ನಡುವೆ ಮಣ್ಣು ಸಡಿಲಿಸುವ ಕುಂಟೆ) ಹೊಡೆದು ಮಣ್ಣು ಮುಚ್ಚಿಸಿ. ಮೇಲೆ ಬಿಟ್ಟರೆ ಬಿಸಿಲಿಗೆ ಒಂದಿಷ್ಟು ಗಾಳಿಗೇ ಹೋಗುತ್ತದೆ. ಕೈಯಲ್ಲಿ ಎರಚುವಾಗ ಸುಳಿಯೊಳಗೆ ಯೂರಿಯಾ ಹರಳು ಬೀಳದಂತೆ ನೋಡಿಕೊಳ್ಳಿ, ಎಲೆ ಸುಡುತ್ತದೆ.

ಒಂದು ವೇಳೆ ಈಗಾಗಲೇ ಹಾಗೆ ಬಿತ್ತಿಬಿಟ್ಟಿದ್ದರೆ, ಖಾಲಿ ಬಿದ್ದ ಕಡೆ ತಡಮಾಡದೆ ಬೀಜ ಊರಿ, ಆದರೆ ಹಳೇ ಸಾಲಿನಲ್ಲಿ ಬೇಡ, ನಾಲ್ಕು ಬೆರಳು ಆಚೆ.