ಹೊಸ ಬೂಟು ಮೇಜಿನ ಮೇಲೆ ಬೇಡ

ನೋಡಮ್ಮ, ಐರ್ಲೆಂಡಿನ ಮೇಯೋ ಕೌಂಟಿಯ ಹಳ್ಳಿಮನೆಯಲ್ಲಿ ಬಾಡಿಗೆಗೆ ಇದ್ದೀಯ, ಹೊಸ ಬೂಟನ್ನು ಅಡುಗೆಮನೆಯ ಮೇಜಿನ ಮೇಲಿಟ್ಟಾಗ ಮನೆಯ ಅಜ್ಜಿ ಗಾಬರಿಯಿಂದ ಕೆಳಗಿಳಿಸಿದರು, ಯಾಕೆ ಅಂತ ಕೇಳಿದ್ದೀಯ. ಇಲ್ಲಿ ಅದು ದೊಡ್ಡ ಅಪಶಕುನ. ಸಾವನ್ನು ಮನೆಗೆ ಕರೆದಂತೆ ಅನ್ನುತ್ತಾರೆ. ಡಬ್ಬಿಯೊಳಗಿದ್ದರೂ ಕೆಲವರು ಒಪ್ಪುವುದಿಲ್ಲ. ಅಂಗಡಿಯಿಂದ ತಂದ ಚೀಲವನ್ನು ನೇರ ನೆಲದ ಮೇಲಿಡು. ಮೂಢನಂಬಿಕೆ ಅಂತ ವಾದ ಮಾಡಬೇಡ, ಅಜ್ಜಿಗೆ ಅದು ಮನೆಮಂದಿಯ ಜೀವದ ಮಾತು.

ಚಪ್ಪಲಿ ಬಾಗಿಲಲ್ಲೇ ಬಿಡಬೇಕೆಂಬ ಕಟ್ಟಳೆ ಇಲ್ಲಿಲ್ಲ. ಕೆಸರು ಮೆತ್ತಿದ ವೆಲಿಂಗ್ಟನ್ ಬೂಟು, ಅಂದರೆ ಉದ್ದನೆಯ ರಬ್ಬರ್ ಬೂಟು, ಮಾತ್ರ ಹಿಂಬಾಗಿಲಲ್ಲಿ ಉಳಿಯುತ್ತದೆ.

ನಿಜವಾಗಿ ತಿಳಿಯಬೇಕಾದದ್ದು ಕಾಲು ತೊಳೆದ ನೀರಿನ ವಿಷಯ. ಐರಿಷ್‌ನಲ್ಲಿ ಅದಕ್ಕೇ 'ಇಶ್ಕ ನ ಗಸ್' ಅಂತ ಹೆಸರಿದೆ. ಹಿಂದೆ ಮಕ್ಕಳು ಬೇಸಿಗೆಯಿಡೀ ಬರಿಗಾಲಲ್ಲಿ ಓಡಾಡುತ್ತಿದ್ದರು, ಮಲಗುವ ಮುಂಚೆ ಕಾಲು ತೊಳೆಯಲೇಬೇಕಿತ್ತು. ಆ ನೀರು ರಾತ್ರಿ ಒಳಗೆ ಉಳಿಯಬಾರದು. ಉಳಿದರೆ, ಹೊರಗಿನಿಂದ 'ಒಳ್ಳೆಯ ಜನ' ಕೂಗಿದಾಗ ಆ ನೀರೇ ಬಾಗಿಲು ತೆಗೆದುಬಿಡುತ್ತದಂತೆ. ಒಳ್ಳೆಯ ಜನ ಅಂದರೆ ಯಕ್ಷಿಣಿಯರಂಥವರು. ನಮ್ಮಲ್ಲಿ ರಾತ್ರಿ ಹೊತ್ತು ಹಾವನ್ನು 'ಹುಳ' ಅನ್ನುವ ಹಾಗೆ, ಇಲ್ಲಿಯೂ ಅವರ ಹೆಸರೆತ್ತುವುದಿಲ್ಲ. ಚೆಲ್ಲುವಾಗಲೂ ಸುಮ್ಮನೆ ಚೆಲ್ಲುವಂತಿಲ್ಲ. ಕತ್ತಲಲ್ಲಿ ಹಾದುಹೋಗುವ ಅವರ ಮೇಲೆ ಬಿದ್ದೀತೆಂದು ಮೊದಲು 'ಎಚ್ಚರ!' ಅಂತ ಕೂಗಬೇಕು. 1930ರ ದಶಕದ ಕೊನೆಯಲ್ಲಿ ಶಾಲಾಮಕ್ಕಳು ಹಿರಿಯರಿಂದ ಕೇಳಿ ಬರೆದ ಜಾನಪದ ಸಂಗ್ರಹದಲ್ಲಿ ಪಾದದ ಆರೈಕೆಯೇ ಒಂದು ವಿಷಯ. ಆ ಸಂಗ್ರಹವಿರುವ 'ದೂಖಸ್' (duchas.ie) ಜಾಲತಾಣದಲ್ಲಿ ನಿನ್ನ ಊರಿನ ಹೆಸರು ಹಾಕಿ ಹುಡುಕು, ಉಚಿತವಾಗಿ ಓದಬಹುದು. ಅದನ್ನು ಓದಿ ಅಜ್ಜಿಯ ಹತ್ತಿರ ಮಾತು ತೆಗೆ, ಸಂಜೆಯಿಡೀ ಹೇಳುತ್ತಾರೆ.

ಹೊಲದಲ್ಲಿ ಇನ್ನೆರಡು ಭಯ. 'ದಾರಿ ತಪ್ಪಿಸುವ ಹೆಂಟೆ' ತುಳಿದರೆ ಗೊತ್ತಿದ್ದ ಗದ್ದೆಯಲ್ಲೇ ಸುತ್ತುತ್ತಿರುತ್ತೀಯ, ಕೋಟನ್ನು ಒಳಹೊರಗು ಮಾಡಿ ತೊಟ್ಟರೆ ದಾರಿ ಸಿಗುತ್ತದೆ. 'ಹಸಿವಿನ ಹುಲ್ಲು' ತುಳಿದರೆ ತಟ್ಟನೆ ಕಾಲು ಸೋತು ಕುಸಿಯುತ್ತೀಯ. 1840ರ ದಶಕದ ಮಹಾಕ್ಷಾಮದಲ್ಲಿ ಸತ್ತವರು ಬಿದ್ದ ಜಾಗದಲ್ಲಿ ಅದು ಬೆಳೆಯುತ್ತದೆ ಅನ್ನುತ್ತಾರೆ, ಅದಕ್ಕೇ ಅದರ ಬಗ್ಗೆ ನಗಬಾರದು. ಪರಿಹಾರ, ಜೇಬಿನಲ್ಲೊಂದು ತುಂಡು ರೊಟ್ಟಿ.

ಜುಲೈ ಕೊನೆಯ ಭಾನುವಾರ ಕ್ರೋ ಪ್ಯಾಟ್ರಿಕ್ ಬೆಟ್ಟವನ್ನು ಕೆಲವರು ಹರಕೆಗಾಗಿ ಬರಿಗಾಲಲ್ಲಿ ಹತ್ತುತ್ತಾರೆ. 764 ಮೀಟರ್ ಎತ್ತರ, ತುದಿಯ ಹತ್ತಿರ ಕಡಿದು, ಸಡಿಲ ಕಲ್ಲು. ನೀನು ಕಣಕಾಲು ಬಿಗಿಯುವ ಬೂಟು ಹಾಕು, ಕೋಲು ಹಿಡಿ. ಕಾಲು ಉಳುಕುವುದು ಹೆಚ್ಚಾಗಿ ಇಳಿಯುವಾಗ.