ಮಾಗಡಿ ಕೆರೆಯ ಸುತ್ತಲಿನ ಹೊಲಗಳು ಯಾರ ಲೆಕ್ಕಕ್ಕೆ?

ಮಾನ್ಯರೇ,

ಗದಗ ಜಿಲ್ಲೆಯ ಮಾಗಡಿ ಕೆರೆಯ ಕುರಿತ ನಮ್ಮ ಲೇಖನವನ್ನು ಓದಿ, ‘ಕೆರೆಗೆ ರಾಮ್ಸಾರ್ (ಜೌಗು ಪ್ರದೇಶಗಳ ರಕ್ಷಣೆಯ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟ ಬಂತು, ನಾಳೆ ನಮ್ಮ ಹೊಲಕ್ಕೂ ಬೇಲಿ ಬಿದ್ದರೆ ಹೇಗೆ, ಹಕ್ಕಿ ಮೇಯ್ದ ಕಡಲೆಗೆ ಹೊಣೆ ಯಾರು’ ಎಂದು ಕೇಳಿದ್ದೀರಿ. ಮೊದಲ ಆತಂಕಕ್ಕೆ ಕಾನೂನಿನಲ್ಲೇ ಉತ್ತರವಿದೆ. ಎರಡನೆಯದು ಅಷ್ಟು ಸುಲಭವಲ್ಲ.

ಈ ಕೆರೆ ಸಂರಕ್ಷಣಾ ಮೀಸಲು ಪ್ರದೇಶ. ವನ್ಯಜೀವಿ ಕಾಯ್ದೆಯ 36ಎ ಕಲಮಿನಡಿ ಸರ್ಕಾರಿ ಜಾಗವನ್ನು, ಅದನ್ನೂ ಸ್ಥಳೀಯರೊಂದಿಗೆ ಸಮಾಲೋಚಿಸಿದ ಮೇಲೆಯೇ ಹೀಗೆ ಘೋಷಿಸಬೇಕಾದ್ದರಿಂದ, ನಿಮ್ಮ ಪಟ್ಟಾ ಜಮೀನು ಅದರೊಳಗೆ ಸೇರುವುದಿಲ್ಲ. 2024ರ ಜನವರಿಯಲ್ಲಿ ಅಂಕಸಮುದ್ರ, ಅಘನಾಶಿನಿಗಳೊಂದಿಗೆ ಪ್ರಕಟವಾದ ರಾಮ್ಸಾರ್ ಮಾನ್ಯತೆಯೂ ಭೂಸ್ವಾಧೀನದ ಆದೇಶವಲ್ಲ. ಎಷ್ಟೆಂದರೂ ಇದು ಮಳೆನೀರು ಹಿಡಿದು ನೀರಾವರಿಗೆ ಕೊಡಲೆಂದೇ ಕಟ್ಟಿಸಿದ ಕೆರೆ. ಆದರೆ 2017ರ ಜೌಗು ಪ್ರದೇಶ ನಿಯಮಗಳಲ್ಲಿ ‘ಪ್ರಭಾವ ವಲಯ’ ಎಂಬುದೊಂದಿದೆ, ಎಂದರೆ ಅಲ್ಲಿನ ಚಟುವಟಿಕೆ ಕೆರೆಯ ಮೇಲೆ ಪರಿಣಾಮ ಬೀರುವಂಥ ಸುತ್ತಲಿನ ಪ್ರದೇಶ. ಜಲಾನಯನದ ಹೊಲಗಳು ಅದರಲ್ಲಿ ಬರಬಹುದು. ಅಲ್ಲಿ ಯಾವ ಚಟುವಟಿಕೆಗೆ ಮಿತಿ ಹಾಕಬೇಕೆಂದು ಪಟ್ಟಿ ಮಾಡುವ ಹೊತ್ತಿಗೇ ರೈತರು ಮಾತಾಡಬೇಕು, ಪಟ್ಟಿ ಅಂತಿಮವಾದ ಮೇಲಲ್ಲ.

ಇನ್ನು ಹಕ್ಕಿಯ ಮಾತು. ಹಿಮಾಲಯದಾಚೆಯಿಂದ ಚಳಿಗಾಲಕ್ಕೆ ಇಲ್ಲಿಗೆ ಬರುವ ಪಟ್ಟೆತಲೆ ಹೆಬ್ಬಾತುಗಳು ಸುಮಾರು 8,000. ಕೆರೆಯ ವಿಸ್ತಾರ ಹೆಚ್ಚುಕಡಿಮೆ 50 ಹೆಕ್ಟೇರ್. ಇಷ್ಟು ನೀರಿನಲ್ಲಿ ಅಷ್ಟು ಹೊಟ್ಟೆ ತುಂಬುವುದಿಲ್ಲ. ಹಗಲು ನೀರಿನ ಮೇಲೆ ವಿಶ್ರಮಿಸುವ ಹಿಂಡು ಕತ್ತಲಾಗುತ್ತಿದ್ದಂತೆ ಹೊಲಗಳತ್ತ ಹಾರಿ, ಹಿಂಗಾರಿ ಪೈರಿನ ಎಳೆ ಕುಡಿಯನ್ನು ಕುರಿಗಳಂತೆ ಕೊಕ್ಕಿನಲ್ಲಿ ಕತ್ತರಿಸಿ ಮೇಯುತ್ತದೆ. ಎಂದರೆ ಈ ಹಕ್ಕಿಗಳನ್ನು ಅರ್ಧ ಸಾಕುತ್ತಿರುವವರು ನೀವೇ. ಸಂರಕ್ಷಣೆ ಎಂದೊಡನೆ ತಂತಿಬೇಲಿ, ನಡಿಗೆ ಪಥ, ವೀಕ್ಷಣಾ ಗೋಪುರಗಳ ಅಂದಾಜುಪಟ್ಟಿ ಹಿಡಿದು ಬರುವವರಿಗೆ (ಗುತ್ತಿಗೆಯ ಕೆಲಸ ಕಣ್ಣಿಗೆ ಬೇಗ ಕಾಣುತ್ತದೆ, ನಿಜ) ಈ ಸಂಗತಿ ಹೊಳೆಯುವುದೇ ಇಲ್ಲ. ನಮ್ಮ ದೃಷ್ಟಿಯಲ್ಲಿ ಕೆರೆಯ ಸಂರಕ್ಷಣಾ ಯೋಜನೆಯ ಮೊದಲ ನಕ್ಷೆ ಹೊಲಗಳದ್ದಾಗಬೇಕು: ಹಿಂಡು ಯಾವ ದಿಕ್ಕಿಗೆ ಇಳಿಯುತ್ತದೆ, ಆಗ ಅಲ್ಲಿ ಯಾವ ಪೈರು ಎಷ್ಟೆತ್ತರ ಇರುತ್ತದೆ ಎಂಬುದು ತಿಳಿಯದೆ ಪರಿಹಾರದ ಮಾತಿಗೆ ಬುಡವೇ ಇರುವುದಿಲ್ಲ. ಎರೆ ಹೊಲದ ಒಡ್ಡುಗಳನ್ನು ಅದೇ ಯೋಜನೆಯ ಅನುದಾನದಲ್ಲಿ ಭದ್ರಪಡಿಸಿದರೆ ನಿಮ್ಮ ಮಣ್ಣು ನಿಮ್ಮಲ್ಲೇ ಉಳಿಯುತ್ತದೆ, ಕೆರೆಗೆ ಹೂಳೂ ಕಡಿಮೆಯಾಗುತ್ತದೆ.

ಅದೇ ವನ್ಯಜೀವಿ ಕಾಯ್ದೆಯ 36ಬಿ ಕಲಮಿನ ಪ್ರಕಾರ ಮೀಸಲು ಪ್ರದೇಶದ ನಿರ್ವಹಣಾ ಸಮಿತಿಯಲ್ಲಿ ಗ್ರಾಮ ಪಂಚಾಯಿತಿಯ ಪ್ರತಿನಿಧಿಯೂ ಕೃಷಿ ಇಲಾಖೆಯ ಪ್ರತಿನಿಧಿಯೂ ಇರಬೇಕು. ನಿಮ್ಮೂರಿನ ಪರವಾಗಿ ಅಲ್ಲಿ ಕೂರುವವರು ಯಾರೆಂದು ಗ್ರಾಮಸಭೆಯಲ್ಲಿ ಕೇಳಿ, ಬೆಳೆ ಹಾನಿಯನ್ನು ಸರ್ವೆ ನಂಬರು, ದಿನಾಂಕ, ಫೋಟೊ ಸಹಿತ ಬರೆದುಕೊಟ್ಟು ಸ್ವೀಕೃತಿ ಪಡೆಯಿರಿ. ಅದರ ಪ್ರತಿಯನ್ನು ನಮಗೂ ಕಳಿಸಿದರೆ ಪ್ರಕಟಿಸುತ್ತೇವೆ.

– ಸಂಪಾದಕ